ಗಂಟಲಲ್ಲಿ ನಿಂತ ತುತ್ತು

ನಮ್ಮ ಗದಗ ಸೀಮೆಯಲ್ಲಿ ಕೊರಳಿನಿಂದ ಹೊಕ್ಕುಳದವರೆಗಿನ ಎಲ್ಲ ಕಾಯಿಲೆಗಳಿಗೂ ಒಂದೇ ಹೆಸರು. ಅದು ಗ್ಯಾಸ್. ಎದೆ ಉರಿದರೂ ಗ್ಯಾಸ್, ಹುಳಿತೇಗು ಬಂದರೂ ಗ್ಯಾಸ್, ಬೆನ್ನು ಹಿಡಿದರೂ ಗ್ಯಾಸ್, ತಿಂದ ರೊಟ್ಟಿ ಎದೆಯ ನಡುವೆ ನಿಂತರೂ ಗ್ಯಾಸ್. ಬೆಟಗೇರಿಯ ಯಾವುದೇ ಔಷಧ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತು ನೋಡಿ. "ಅಣ್ಣಾರ, ಗ್ಯಾಸಿನ ಗುಳಿಗಿ ಒಂದು ಕೊಡ್ರಿ" ಎಂದು ಕೇಳುವವರು ಒಬ್ಬರಾದ ಮೇಲೊಬ್ಬರು ಬರುತ್ತಲೇ ಇರುತ್ತಾರೆ. ಚೀಟಿ ಬೇಕಿಲ್ಲ, ತಪಾಸಣೆ ಬೇಕಿಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಗುಳಿಗೆ, ಸಂಜೆ ಮತ್ತೆ ಮಿರ್ಚಿ-ಗಿರಮಿಟ್ಟು, ಮೇಲೊಂದು ಕಪ್ಪು ಚಹಾ. ಬದುಕು ಹೀಗೆ ಸಾಗುತ್ತದೆ.

ಜನ ಹಾಗೆ ಭಾವಿಸುವುದಕ್ಕೆ ಕಾರಣವಿಲ್ಲದಿಲ್ಲ. ಹೊಟ್ಟೆಯ ಆಮ್ಲ ಮೇಲಕ್ಕೆ ಏರಿ ಅನ್ನನಾಳವನ್ನು ಸುಡುವ ತೊಂದರೆ ನಮ್ಮ ದೇಶದಲ್ಲಿ ಬಹಳ ಸಾಮಾನ್ಯ. ಭಾರತೀಯ ಜಠರ-ಕರುಳು ತಜ್ಞರ ಸಂಘದ ಕಾರ್ಯಪಡೆಯೊಂದು ದೇಶದ ಹಲವು ಕಡೆ ಜನರನ್ನು ವಿಚಾರಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡಾ 7.6 ಮಂದಿಗೆ ಈ ತೊಂದರೆ ಇತ್ತು. ಅಂದರೆ ಹದಿಮೂರು ಜನರಲ್ಲಿ ಒಬ್ಬರಿಗೆ. ಆದ್ದರಿಂದ "ಗ್ಯಾಸ್" ಎಂದವರ ಊಹೆ ಅನೇಕ ಸಲ ನಿಜಕ್ಕೆ ಹತ್ತಿರವೇ ಇರುತ್ತದೆ. ಸಮಸ್ಯೆ ಇರುವುದು ಉಳಿದ ಸಲಗಳಲ್ಲಿ. ಒಂದೇ ಹೆಸರಿನ ಚೀಲದಲ್ಲಿ ಹತ್ತು ಕಾಯಿಲೆಗಳನ್ನು ತುಂಬಿ ಬಾಯಿ ಕಟ್ಟಿಟ್ಟರೆ, ಒಳಗೆ ಏನಿದೆಯೆಂದು ನೋಡುವವರು ಯಾರು?

ಆ ಚೀಲದೊಳಗಿನ ಒಂದು ಕಾಯಿಲೆ ನಮ್ಮ ಮನೆಯಲ್ಲೇ ಇತ್ತು. ಲಕ್ಷ್ಮೇಶ್ವರದಲ್ಲಿರುವ ನನ್ನ ಅಕ್ಕನ ಮಗ ಈಗ ಇಪ್ಪತ್ತೆಂಟರ ತರುಣ. ನೀರೆತ್ತುವ ಮೋಟಾರುಗಳ ವೈಂಡಿಂಗ್ ಕೆಲಸ ಮಾಡುತ್ತಾನೆ. ಚಿಕ್ಕಂದಿನಿಂದಲೂ ದಸ್ತರಖಾನಿನಿಂದ ಕೊನೆಗೆ ಏಳುವವನು ಅವನೇ. ಎಲ್ಲರ ಊಟ ಮುಗಿದು ಕೈತೊಳೆದು ಮಾತಿಗೆ ಕುಳಿತರೂ ಅವನ ತಟ್ಟೆಯಲ್ಲಿ ಅರ್ಧ ರೊಟ್ಟಿ ಉಳಿದಿರುತ್ತಿತ್ತು. ಪ್ರತಿ ತುತ್ತಿಗೂ ಒಂದು ಗುಟುಕು ನೀರು. ರೊಟ್ಟಿಯನ್ನು ಸಾರಿನಲ್ಲಿ ನೆನೆಯಿಟ್ಟು ಮೆತ್ತಗಾದ ಮೇಲೆ ತಿನ್ನುವುದು, ಮಾಂಸದ ತುಂಡನ್ನು ಬೆರಳಿನಿಂದ ಎಳೆ ಎಳೆಯಾಗಿ ಬಿಡಿಸುವುದು, ಕಟಕ ರೊಟ್ಟಿಯನ್ನಂತೂ ಮುಟ್ಟದಿರುವುದು ಅವನ ರೂಢಿ. ಬಂಧುಗಳು "ನವಾಬರ ಊಟ" ಎಂದು ತಮಾಷೆ ಮಾಡುತ್ತಿದ್ದರು. ಅವನ ತಾಯಿ ಮಾತ್ರ "ಹಲ್ಲು ಹಲ್ಲು ಖಾ ಬೇಟಾ" ಎಂದು ತಲೆ ಸವರುತ್ತಿದ್ದಳು. ಧೂಳಿಗೆ ಸೀನು, ಚಳಿಗಾಲದಲ್ಲಿ ಉಬ್ಬಸ ಅವನ ಹಳೆಯ ಸಂಗಾತಿಗಳು. ತೆಳ್ಳಗಿದ್ದಾನೆಂದು ಅಕ್ಕ ಮನೆಯ ಎಮ್ಮೆಯ ಹಾಲನ್ನು ರಾತ್ರಿ ಲೋಟ ತುಂಬ ಕುಡಿಸುತ್ತಿದ್ದಳು. ಊಟ ನಿಧಾನವಾಗುವುದಕ್ಕೂ ಉಬ್ಬಸಕ್ಕೂ ಹಾಲಿನ ಲೋಟಕ್ಕೂ ನಂಟಿರಬಹುದೆಂದು ಯಾರಿಗೆ ತಾನೇ ಹೊಳೆದೀತು?

2023ರಲ್ಲಿ ಮುಂಡರಗಿಯಲ್ಲಿ ಬಂಧುಗಳೊಬ್ಬರ ನಿಕಾಹ್ ಇತ್ತು. ವಲೀಮಾದ ಊಟದಲ್ಲಿ ಒಂದು ಮಾಂಸದ ತುಂಡು ಅವನ ಎದೆಯ ನಡುವೆ ನಿಂತಿತು. ಉಸಿರಾಟಕ್ಕೆ ತೊಂದರೆಯಿರಲಿಲ್ಲ, ಮಾತನಾಡುತ್ತಿದ್ದ. ಆದರೆ ನೀರು ಕುಡಿದರೆ ನೀರು, ಉಗುಳು ನುಂಗಿದರೆ ಉಗುಳು ಹಾಗೆಯೇ ಮರಳಿ ಬಾಯಿಗೆ ಬರುತ್ತಿತ್ತು. ಸುತ್ತ ನೆರೆದವರದು ಒಬ್ಬೊಬ್ಬರದು ಒಂದೊಂದು ಮದ್ದು. "ಬೆನ್ನ ಮ್ಯಾಲೆ ಗುದ್ರಿ" ಎಂದರು ಒಬ್ಬರು. "ಅನ್ನದ ಉಂಡಿ ನುಂಗಸ್ರಿ, ತಳ್ಳಿಕೊಂಡು ಹೋಗ್ತೈತಿ" ಎಂದರು ಇನ್ನೊಬ್ಬರು. ಬಾಳೆಹಣ್ಣು ಬಂತು, ಸೋಡಾ ಬಂತು. ಹಿರಿಯ ಹೆಂಗಸೊಬ್ಬರು ನಜರ್ ತೆಗೆದರು. ಹತ್ತಿರದ ಒಬ್ಬ ವೈದ್ಯರು ಗ್ಯಾಸ್ ಎಂದು ಸೂಜಿ ಚುಚ್ಚಿ ಕಳಿಸಿದರು. ಮೂರು ತಾಸು ಕಳೆದರೂ ಉಗುಳು ಇಳಿಯದಿದ್ದಾಗ ಜೀಪು ಮಾಡಿಕೊಂಡು ಗದಗದ ಮೇಲೆ ಹುಬ್ಬಳ್ಳಿಗೆ ಹೋದೆವು. ಹಾದಿಯುದ್ದಕ್ಕೂ ಅವನು ಕೈಯಲ್ಲೊಂದು ಡಬ್ಬಿ ಹಿಡಿದು ಉಗುಳುತ್ತಲೇ ಇದ್ದ. ಗದಗದಿಂದ ಹುಬ್ಬಳ್ಳಿಗೆ ಸುಮಾರು ಅರವತ್ತು ಕಿಲೋಮೀಟರು. ಆ ರಾತ್ರಿ ಅದು ಆರುನೂರರಷ್ಟು ದೂರವೆನಿಸಿತ್ತು.

ಅಲ್ಲಿ ನಳಿಕೆ ಇಳಿಸಿ ಆ ತುಂಡನ್ನು ತೆಗೆದರು. ತೆಗೆದ ಮೇಲೆ ವೈದ್ಯರು ಕೇಳಿದ ಪ್ರಶ್ನೆ ನಮ್ಮನ್ನು ಬೆಚ್ಚಿಬೀಳಿಸಿತು. "ಈ ಹುಡುಗ ಎಷ್ಟು ವರ್ಷದಿಂದ ನೀರು ಕುಡಕೋತ ಊಟಾ ಮಾಡ್ತಾನ್ರಿ?" ಅವನು ಊಟ ಮಾಡುವುದನ್ನು ಅವರು ಎಂದೂ ನೋಡಿದವರಲ್ಲ. ಅವನ ಅನ್ನನಾಳವನ್ನು ಮಾತ್ರ ನೋಡಿದ್ದರು. ಅದರಲ್ಲಿ ಬಳೆಗಳನ್ನು ಒಂದರ ಮೇಲೊಂದು ಜೋಡಿಸಿಟ್ಟಂತೆ ಉಂಗುರಗಳಿದ್ದವು. ಉದ್ದಕ್ಕೂ ಸಣ್ಣ ಸೀಳುಗೆರೆಗಳಿದ್ದವು. ಅಲ್ಲಲ್ಲಿ ಬಿಳಿಯ ಚುಕ್ಕೆಗಳಿದ್ದವು. ಆರು ಕಡೆಯಿಂದ ಸಾಸಿವೆಗಿಂತ ಚಿಕ್ಕದಾದ ಚೂರುಗಳನ್ನು ತೆಗೆದು ಪರೀಕ್ಷೆಗೆ ಕಳುಹಿಸಿದರು. ವಾರದ ನಂತರ ವರದಿ ಬಂತು. ಇಯೊಸಿನೊಫಿಲಿಕ್ ಈಸೊಫೆಜೈಟಿಸ್.

ಹೆಸರು ನಾಲಿಗೆಗೆ ಕಷ್ಟ, ಅರ್ಥ ಅಷ್ಟು ಕಷ್ಟವಲ್ಲ. ಇಯೊಸಿನೊಫಿಲ್ ಎಂಬುದು ನಮ್ಮ ರಕ್ತದ ಬಿಳಿಕಣಗಳಲ್ಲಿ ಒಂದು ಜಾತಿ. ಇಯೊಸಿನ್ ಎಂಬ ಕೆಂಪು ಬಣ್ಣವನ್ನು ಹೀರಿಕೊಳ್ಳುವುದರಿಂದ ಜರ್ಮನಿಯ ವಿಜ್ಞಾನಿ ಪೌಲ್ ಎರ್ಲಿಖ್ 1879ರಲ್ಲಿ ಅದಕ್ಕೆ ಆ ಹೆಸರಿಟ್ಟರು. ಹುಳುಗಳ ವಿರುದ್ಧ ಹೋರಾಡುವುದು, ಅಲರ್ಜಿಯಲ್ಲಿ ಭಾಗವಹಿಸುವುದು ಈ ಕಣಗಳ ಕೆಲಸ. ಹೊಟ್ಟೆ ಮತ್ತು ಕರುಳಿನಲ್ಲಿ ಅವು ಇರುವುದು ಸಹಜ. ಆದರೆ ಆರೋಗ್ಯವಂತರ ಅನ್ನನಾಳದ ಒಳಪದರದಲ್ಲಿ ಅವಕ್ಕೆ ಜಾಗವಿಲ್ಲ. ಕೆಲವರ ದೇಹ ಯಾವುದೋ ಆಹಾರದ ಪ್ರೋಟೀನನ್ನು ಶತ್ರುವೆಂದು ತಪ್ಪಾಗಿ ಗುರುತಿಸಿ ಈ ಕಣಗಳ ದಂಡನ್ನೇ ಅನ್ನನಾಳಕ್ಕೆ ಕಳುಹಿಸುತ್ತದೆ. ಸೂಕ್ಷ್ಮದರ್ಶಕದ ಒಂದು ನೋಟದಲ್ಲಿ ಹದಿನೈದು ಅಥವಾ ಅದಕ್ಕಿಂತ ಹೆಚ್ಚು ಕಣಗಳು ಕಂಡು, ರೋಗಿಗೆ ನುಂಗುವ ತೊಂದರೆಯೂ ಇದ್ದು, ಬೇರೆ ಕಾರಣಗಳು ಇಲ್ಲದಿದ್ದರೆ ಅದು ಈ ಕಾಯಿಲೆ. ಅಕ್ಕನ ಮಗನ ವರದಿಯಲ್ಲಿ ಮೂವತ್ತಕ್ಕೂ ಮಿಕ್ಕಿ ಇದ್ದವು.

"ಇದು ಬಹಳ ಅಪರೂಪದ ಕಾಯಿಲೆಯೇ?" ಎಂದು ನಾನು ವೈದ್ಯರನ್ನು ಕೇಳಿದ್ದೆ. ಅವರು ನಕ್ಕು, "ಅಪರೂಪ ಅಂತ ಓದಿದ್ವಿ. ನೋಡಾಕ ಶುರು ಮಾಡಿದ ಮ್ಯಾಲೆ ಅಷ್ಟು ಅಪರೂಪ ಅನಸವಲ್ದು" ಎಂದರು. ಆ ಮಾತು ತಲೆಯಲ್ಲಿ ಉಳಿಯಿತು. ಮುಂದಿನ ತಿಂಗಳುಗಳಲ್ಲಿ ಈ ಬಗ್ಗೆ ಓದುತ್ತ ಹೋದಂತೆ ಅದರ ಸತ್ಯ ತಿಳಿಯುತ್ತ ಬಂತು.

ಇದನ್ನು ಒಂದು ಪ್ರತ್ಯೇಕ ಕಾಯಿಲೆಯೆಂದು ಜಗತ್ತು ಗುರುತಿಸಿದ್ದೇ ತೀರಾ ಈಚೆಗೆ. 1993ರಲ್ಲಿ ಸ್ಟೀಫನ್ ಅಟ್‌ವುಡ್ ಮತ್ತು ಸಂಗಡಿಗರು ಹನ್ನೆರಡು ರೋಗಿಗಳ ವಿವರ ಪ್ರಕಟಿಸಿದರು. ಮರುವರ್ಷ ಸ್ವಿಟ್ಜರ್ಲೆಂಡಿನ ಅಲೆಕ್ಸ್ ಸ್ಟ್ರೌಮನ್ ಮತ್ತು ಸಂಗಡಿಗರು ಹತ್ತು ರೋಗಿಗಳ ಬಗ್ಗೆ ಬರೆದರು. ಅದಕ್ಕೂ ಮೊದಲು ಇಂಥವರನ್ನು ಆಮ್ಲದ ತೊಂದರೆಯವರ ಪಟ್ಟಿಗೇ ಸೇರಿಸಲಾಗುತ್ತಿತ್ತು. ಅಂದರೆ ಅವರ ಊರಿನಲ್ಲೂ ಒಂದು "ಗ್ಯಾಸಿನ ಚೀಲ" ಇತ್ತು!

ಸ್ಟ್ರೌಮನ್ ಇದ್ದ ಓಲ್ಟನ್ ದೊಡ್ಡ ನಗರವೇನೂ ಅಲ್ಲ. ಆ ಊರು ಮತ್ತು ಸುತ್ತಲಿನ ಪ್ರದೇಶದ ಜನಸಂಖ್ಯೆ ಒಂದು ಲಕ್ಷದ ಆಸುಪಾಸು. ನಮ್ಮ ಗದಗ-ಬೆಟಗೇರಿಯಲ್ಲಿ 2011ರ ಜನಗಣತಿಯಂತೆಯೇ ಒಂದು ಲಕ್ಷ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನರಿದ್ದರು. ಅಷ್ಟು ಚಿಕ್ಕ ಸೀಮೆಯಲ್ಲಿ ನುಂಗಲು ಕಷ್ಟವೆಂದು ಬಂದವರನ್ನೆಲ್ಲ ಗಮನವಿಟ್ಟು ಪರೀಕ್ಷಿಸಿ, ಲೆಕ್ಕ ಬರೆದಿಡುತ್ತ ಹೋದರು. 1989ರಿಂದ 2009ರವರೆಗಿನ ಇಪ್ಪತ್ತು ವರ್ಷಗಳಲ್ಲಿ 46 ರೋಗಿಗಳು ಸಿಕ್ಕರು. ಒಂದು ಲಕ್ಷಕ್ಕೆ ಸುಮಾರು 43 ಮಂದಿ. ಒಂದು ಸಣ್ಣ ಊರಿನ ವೈದ್ಯರ ತಾಳ್ಮೆಯಿಂದ ಹುಟ್ಟಿದ ಈ ಲೆಕ್ಕವನ್ನು ಜಗತ್ತು ಇಂದಿಗೂ ಗೌರವದಿಂದ ನೋಡುತ್ತದೆ.

ಆಮೇಲಿನ ಲೆಕ್ಕಗಳು ಏರುತ್ತಲೇ ಹೋಗಿವೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2023ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಒಂದು ಲಕ್ಷಕ್ಕೆ ಸುಮಾರು 40 ಮಂದಿಗೆ ಈ ಕಾಯಿಲೆಯಿದೆ. ಅಮೆರಿಕದಲ್ಲಿ ಈಚಿನ ಅಂದಾಜು ಇನ್ನೂ ಹೆಚ್ಚು, ಸುಮಾರು 700 ಜನರಲ್ಲಿ ಒಬ್ಬರಿಗೆ. ಹೆಂಗಸರಿಗಿಂತ ಗಂಡಸರಲ್ಲಿ ಇದು ಎರಡು-ಮೂರು ಪಟ್ಟು ಹೆಚ್ಚು. ಉಬ್ಬಸ, ಮೂಗಿನ ಅಲರ್ಜಿ, ಚರ್ಮದ ಇಸುಬು ಇರುವವರಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಈ ಏರಿಕೆಗೆ ಎಂಡೋಸ್ಕೋಪಿ ಮಾಡುವುದು ಹೆಚ್ಚಿದ್ದು ಒಂದು ಕಾರಣ. ಆದರೆ ಅದೊಂದೇ ಅಲ್ಲ, ಕಾಯಿಲೆಯೇ ನಿಜವಾಗಿ ಹೆಚ್ಚುತ್ತಿದೆ ಎನ್ನುತ್ತಾರೆ ತಜ್ಞರು.

ಏಷ್ಯಾದಲ್ಲಿ ಇದು ಪಶ್ಚಿಮಕ್ಕಿಂತ ಕಡಿಮೆ. ಭಾರತದಲ್ಲಿ ಇಲ್ಲವೇ ಇಲ್ಲ ಎನ್ನುವ ಕಾಲ ಮಾತ್ರ ಮುಗಿದಿದೆ. ದೆಹಲಿಯ ಏಮ್ಸ್ ಆಸ್ಪತ್ರೆಯ ವೈದ್ಯರು ಎದೆಯುರಿ, ಹುಳಿತೇಗು ಎಂದು ಬಂದ 190 ಮಂದಿಯ ಅನ್ನನಾಳದಿಂದ ಚೂರು ತೆಗೆದು ಪರೀಕ್ಷಿಸಿದರು. ಅವರಲ್ಲಿ ಶೇಕಡಾ ಮೂರರಷ್ಟು ಮಂದಿಗೆ ಇದ್ದದ್ದು ಈ ಕಾಯಿಲೆ. ಈ ಅಧ್ಯಯನ 2017ರಲ್ಲಿ ಪ್ರಕಟವಾಯಿತು. "ಗ್ಯಾಸ್" ಎಂದು ಬಂದ ನೂರು ಜನರಲ್ಲಿ ಮೂವರು ಎಂದರೆ ಅದೇನೂ ತಳ್ಳಿಹಾಕುವ ಸಂಖ್ಯೆಯಲ್ಲ.

ನಮ್ಮ ಜಿಲ್ಲೆಗೆ ಒಂದು ಲೆಕ್ಕ ಹಾಕಿ ನೋಡೋಣ. 2011ರ ಜನಗಣತಿಯಲ್ಲಿ ಗದಗ ಜಿಲ್ಲೆಯ ಜನಸಂಖ್ಯೆ ಹತ್ತು ಲಕ್ಷ ಅರವತ್ತು ಸಾವಿರಕ್ಕಿಂತ ಹೆಚ್ಚು. ಲಕ್ಷಕ್ಕೆ 40ರಂತೆ ಹಿಡಿದರೆ ನಾನೂರಕ್ಕೂ ಮಿಕ್ಕಿ ರೋಗಿಗಳಿರಬೇಕು. ಅಲ್ಲ, ನಮ್ಮಲ್ಲಿ ಬಹಳ ಕಡಿಮೆ, ಹತ್ತರಲ್ಲಿ ಒಂದೇ ಪಾಲು ಎಂದಿಟ್ಟುಕೊಳ್ಳೋಣ. ಆಗಲೂ ನಲವತ್ತು ಜನ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಬೆಟಗೇರಿಯ ಯಾವುದೋ ಮನೆಗಳಲ್ಲಿ ನಲವತ್ತು ಮಂದಿ ದಿನಾಲೂ ನೀರಿನ ತಂಬಿಗೆ ಪಕ್ಕದಲ್ಲಿಟ್ಟುಕೊಂಡು, ತುತ್ತನ್ನು ಎದೆಯಲ್ಲಿ ತಳ್ಳಿ ತಳ್ಳಿ ಇಳಿಸುತ್ತಿದ್ದಾರೆ. ಇದು ಸುಮ್ಮನೆ ಮಾಡಿದ ಒಂದು ಅಂದಾಜಿನ ಗುಣಾಕಾರ, ಒಪ್ಪುತ್ತೇನೆ. ಆದರೂ ಈ ಗುಣಾಕಾರ ಮಾಡಿದ ದಿನದಿಂದ ಮದುವೆ ಮನೆಯ ಪಂಕ್ತಿಯಲ್ಲಿ ಕೊನೆಗೆ ಏಳುವವರನ್ನು ಕಂಡರೆ ನನ್ನ ಕಣ್ಣು ಅಲ್ಲೇ ನಿಲ್ಲುತ್ತದೆ.

ನೋಡದಿರುವುದರಿಂದ ಕಾಣದೇ ಉಳಿಯುವ ಸಂಗತಿ ನಮ್ಮ ಸೀಮೆಗೆ ಹೊಸದಲ್ಲ. ಮುಂಡರಗಿ ತಾಲ್ಲೂಕಿನ ಎಷ್ಟೋ ಹಳ್ಳಿಗಳಲ್ಲಿ ಹಲ್ಲು ಹಳದಿಗಟ್ಟುವುದು, ಮಧ್ಯವಯಸ್ಸಿಗೇ ಕೀಲು ಹಿಡಿಯುವುದು "ಈ ಮಣ್ಣಿನ ಗುಣ" ಎಂದೇ ನಡೆದುಬಂದಿತ್ತು. ಕೊಳವೆ ಬಾವಿಯ ನೀರನ್ನು ಪರೀಕ್ಷಿಸಿದಾಗ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದ ಫ್ಲೋರೈಡ್ ಕಂಡಿತು. ಮಣ್ಣಿನ ಗುಣ ಎಂದುಕೊಂಡದ್ದು ನೀರಿನ ವಿಷವಾಗಿತ್ತು. ಗುಣವೆಂದರೆ ಹಣೆಬರಹ, ಸುಮ್ಮನಿರಬೇಕು. ವಿಷವೆಂದು ತಿಳಿದರೆ ಬೇರೆ ನೀರು ಕೇಳಬಹುದು. ಸರಿಯಾದ ಹೆಸರಿಗೆ ಇರುವ ಶಕ್ತಿ ಇಷ್ಟೇ, ಆದರೆ ಇದೇನು ಕಡಿಮೆಯಲ್ಲ.

ಈ ಕಾಯಿಲೆಯಲ್ಲಿ ತಡವಾದಷ್ಟೂ ನಷ್ಟ ಹೆಚ್ಚು. ಸ್ವಿಟ್ಜರ್ಲೆಂಡಿನ ವೈದ್ಯರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತೊಂದರೆ ಆರಂಭವಾದ ಎರಡು ವರ್ಷದೊಳಗೆ ಪತ್ತೆಯಾದವರಲ್ಲಿ ಶೇಕಡಾ 17ರಷ್ಟು ಮಂದಿಯ ಅನ್ನನಾಳ ಕಿರಿದಾಗಿತ್ತು. ಇಪ್ಪತ್ತು ವರ್ಷಕ್ಕಿಂತ ಹೆಚ್ಚು ತಡವಾದವರಲ್ಲಿ ಅದು ಶೇಕಡಾ 71. ಉರಿಯೂತ ವರ್ಷಗಟ್ಟಲೆ ಉಳಿದರೆ ಮೆತ್ತಗಿನ ನಾಳ ಗಾಯದ ಕಲೆಯಂತೆ ಗಡುಸಾಗುತ್ತದೆ. ಗಡುಸಾದ ಮೇಲೆ ಔಷಧವೊಂದೇ ಸಾಲದು, ಬಲೂನಿನಿಂದ ಹಿಗ್ಗಿಸಬೇಕಾಗುತ್ತದೆ. ಈ ಕಾಯಿಲೆ ಕ್ಯಾನ್ಸರ್ ಆಗಿ ಬದಲಾಗುವುದಿಲ್ಲ ಎಂಬುದು ಒಂದು ಸಮಾಧಾನ.

ಹಾಗೆಂದು ತುತ್ತು ಸಿಗುವವರೆಲ್ಲ ಇದೇ ಕಾಯಿಲೆ ಎಂದು ತಿಳಿಯಬಾರದು. ಆಮ್ಲದಿಂದಲೇ ನಾಳ ಕಿರಿದಾಗಿರಬಹುದು. ರಕ್ತಹೀನತೆಯಿರುವ ಹೆಂಗಸರಲ್ಲಿ ಅನ್ನನಾಳದ ಮೇಲ್ಭಾಗದಲ್ಲಿ ತೆಳುವಾದ ಪರದೆ ಬೆಳೆದು ನುಂಗುವುದು ಕಷ್ಟವಾಗುತ್ತದೆ. ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 47.8 ಮಂದಿಗೆ ರಕ್ತಹೀನತೆಯಿದೆ ಎಂದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಅವರಿಗೆ ಬೇಕಾದದ್ದು ಕಬ್ಬಿಣದ ಸತ್ವ, ಗ್ಯಾಸಿನ ಗುಳಿಗೆಯಲ್ಲ. ನೀರಿಲ್ಲದೆ ಗುಳಿಗೆ ನುಂಗಿ ಹಾಗೇ ಮಲಗುವವರ ಅನ್ನನಾಳದಲ್ಲಿ ಆ ಗುಳಿಗೆಯೇ ಅಂಟಿಕೊಂಡು ಹುಣ್ಣು ಮಾಡುವುದುಂಟು. ಇನ್ನು ನಲವತ್ತೈದು-ಐವತ್ತು ದಾಟಿದವರಿಗೆ, ತಂಬಾಕು, ಗುಟಕಾ, ಬೀಡಿ, ಸಾರಾಯಿಯ ಚಟವಿದ್ದವರಿಗೆ ಮೊದಲು ರೊಟ್ಟಿ, ಆಮೇಲೆ ಅನ್ನ, ಆಮೇಲೆ ಗಂಜಿ ಎಂದು ದಿನದಿಂದ ದಿನಕ್ಕೆ ನುಂಗುವುದು ಕಷ್ಟವಾಗುತ್ತ ಮೈತೂಕ ಇಳಿದರೆ ಒಂದು ವಾರವೂ ಕಾಯಬಾರದು. ಅದು ಕ್ಯಾನ್ಸರ್ ಇರಬಹುದು. ಯಾವುದೆಂದು ಹೇಳಲು ಒಳಗೆ ನೋಡಲೇಬೇಕು. ನೋಡಿದಾಗ ಎಲ್ಲ ಸರಿಯಾಗಿ ಕಂಡರೂ ಚೂರು ತೆಗೆದು ಪರೀಕ್ಷಿಸಬೇಕು, ಏಕೆಂದರೆ ಈ ಅಲರ್ಜಿಯ ಕಾಯಿಲೆಯಲ್ಲಿ ಕೆಲವರ ಅನ್ನನಾಳ ಬರಿಗಣ್ಣಿಗೆ ಸರಿಯಾಗಿಯೇ ಕಾಣುತ್ತದೆ. ಆದ್ದರಿಂದ ನುಂಗುವ ತೊಂದರೆಗಾಗಿ ಎಂಡೋಸ್ಕೋಪಿ ಮಾಡಿಸುವವರು "ಡಾಕ್ಟ್ರೇ, ಬಯಾಪ್ಸಿ ತಗೋತೀರೇನ್ರಿ?" ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಚಿಕಿತ್ಸೆಗೆ ಮೂರು ದಾರಿಗಳಿವೆ. ಒಂದು, ಆಮ್ಲ ಕಡಿಮೆ ಮಾಡುವ ಅದೇ ಗುಳಿಗೆಗಳು, ಆದರೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಎರಡು-ಮೂರು ತಿಂಗಳು. ಸುಮಾರು ಅರ್ಧದಷ್ಟು ರೋಗಿಗಳಿಗೆ ಇದೇ ಸಾಕಾಗುತ್ತದೆ. ಎರಡು, ಉಬ್ಬಸದವರು ಸೇದುವ ಸ್ಟೀರಾಯ್ಡ್ ಔಷಧವನ್ನೇ ಸೇದದೆ ನುಂಗುವುದು. ಬುಡೆಸೊನೈಡ್ ದ್ರವವನ್ನು ಜೇನಿನಂಥ ಮಂದ ಪದಾರ್ಥದೊಂದಿಗೆ ಕಲಸಿ ನುಂಗಿ, ಅರ್ಧ ಗಂಟೆ ಏನೂ ತಿನ್ನದೆ ಕುಡಿಯದೆ ಇದ್ದರೆ ಅದು ಅನ್ನನಾಳದ ಗೋಡೆಗೆ ಮದ್ದಾಗುತ್ತದೆ. ಮೂರು, ಪಥ್ಯ. ಡುಪಿಲುಮ್ಯಾಬ್ ಎಂಬ ಚುಚ್ಚುಮದ್ದಿಗೆ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಅದರ ಬೆಲೆ ಕೇಳಿದರೆ ನಮ್ಮಂಥವರಿಗೆ ಇನ್ನೊಮ್ಮೆ ತುತ್ತು ಸಿಕ್ಕೀತು!

ಪಥ್ಯದ ವಿಷಯ ಬಂದಾಗ ನನ್ನ ಅಕ್ಕನ ಅಡುಗೆಮನೆಯೇ ಅಲುಗಾಡಿತು. ಈ ಕಾಯಿಲೆಯನ್ನು ಕೆರಳಿಸುವ ಆಹಾರಗಳೆಂದು ಆರನ್ನು ಹೆಸರಿಸುತ್ತಾರೆ. ಹಾಲು, ಗೋಧಿ, ಮೊಟ್ಟೆ, ಸೋಯಾ, ಶೇಂಗಾ-ಗೋಡಂಬಿ-ಬಾದಾಮಿಯಂಥ ಬೀಜಗಳು, ಮೀನು. ಮೊದಲು ಆರನ್ನೂ ಬಿಡಿಸಿ, ಆಮೇಲೆ ಒಂದೊಂದಾಗಿ ಮರಳಿ ಕೊಟ್ಟು ಪರೀಕ್ಷಿಸುವುದು ಹಳೆಯ ಕ್ರಮ. ಈದ್ ದಿನದ ಶೀರ್‌ಖುರ್ಮಾ ನೆನೆಸಿಕೊಳ್ಳಿ. ಹಾಲು, ಗೋಧಿಯ ಶ್ಯಾವಿಗೆ, ಬಾದಾಮಿ-ಗೋಡಂಬಿ. ಆರರಲ್ಲಿ ಮೂರು ಒಂದೇ ಬಟ್ಟಲಿನಲ್ಲಿ! ಶಿರಹಟ್ಟಿಯ ಫಕೀರೇಶ್ವರ ಮಠದ ಜಾತ್ರೆಗೆ ನಾವೂ ಹೋಗುತ್ತೇವೆ. ಹಿಂದೂ-ಮುಸ್ಲಿಂ ಭಾವೈಕ್ಯಕ್ಕೆ ಹೆಸರಾದ ಮಠ ಅದು. ಇಂಥ ಜಾತ್ರೆಗಳ ಗೋಧಿ ಹುಗ್ಗಿಯೂ ಅವನಿಗೆ ನಿಷಿದ್ಧದ ಪಟ್ಟಿಗೆ ಸೇರಿತು.

ಆದರೆ ಅದೇ ಪಟ್ಟಿಯನ್ನು ಎರಡನೆಯ ಸಲ ಓದಿದಾಗ ನಮ್ಮ ನೆಲದ ಒಂದು ಭಾಗ್ಯ ಕಂಡಿತು. ಬೇರೆ ಕಡೆಯ ರೋಗಿಗಳಿಗೆ ಗೋಧಿ ಬಿಟ್ಟರೆ ತಿನ್ನುವುದೇನು ಎಂಬ ಚಿಂತೆ. ನಮಗೆ ಜೋಳದ ರೊಟ್ಟಿಯಿದೆ, ಸಜ್ಜೆಯಿದೆ, ನವಣೆಯಿದೆ. ಶೇಂಗಾ ಚಟ್ನಿ ಹೋದರೆ ಅಗಸಿ ಚಟ್ನಿ, ಗುರೆಳ್ಳು ಚಟ್ನಿ ಇವೆ. ಬೇಳೆ, ಪಲ್ಯ, ಕುರಿ ಮಾಂಸ ಪಟ್ಟಿಯಲ್ಲಿಲ್ಲ. ದೊಡ್ಡ ಆಸ್ಪತ್ರೆಯ ಪಥ್ಯದ ಚೀಟಿ ನೋಡಿದರೆ ನಮ್ಮ ಅಜ್ಜಿಯರ ಬುತ್ತಿಯಂತೆ ಕಾಣುತ್ತದೆ.

ಅದಲ್ಲದೆ 2023ರಲ್ಲಿ ಪ್ರಕಟವಾದ ಒಂದು ಅಧ್ಯಯನ ರೋಗಿಗಳ ಹೊರೆಯನ್ನು ಇನ್ನಷ್ಟು ಇಳಿಸಿದೆ. ಆರು ಆಹಾರ ಬಿಟ್ಟವರಲ್ಲಿ ಶೇಕಡಾ 40 ಮಂದಿಯ ಉರಿಯೂತ ಇಳಿದರೆ, ಹಾಲಿನ ಪದಾರ್ಥ ಮಾತ್ರ ಬಿಟ್ಟವರಲ್ಲಿ ಶೇಕಡಾ 34 ಮಂದಿಯದು ಇಳಿಯಿತು. ಹೆಚ್ಚು ಅಂತರವೇನಿಲ್ಲ. ಆದ್ದರಿಂದ ಮೊದಲು ಹಾಲೊಂದನ್ನೇ ಬಿಟ್ಟು ನೋಡುವುದು ಬುದ್ಧಿವಂತಿಕೆ. ಎಮ್ಮೆಯದಾದರೂ ಆಡಿನದಾದರೂ ಪ್ರೋಟೀನು ಹೆಚ್ಚು ಕಡಿಮೆ ಒಂದೇ ಬಗೆಯದು, ಕಾಯಿಸಿದರೂ ಹೋಗದು. ಅಕ್ಕನ ಮಗನಿಗೆ ಗುಳಿಗೆಯಿಂದ ಅಷ್ಟಾಗಿ ಗುಣ ಕಾಣದಿದ್ದಾಗ ವೈದ್ಯರು ಹಾಲು ಬಿಡಿಸಿದರು. ಎರಡು ತಿಂಗಳ ನಂತರ ಮತ್ತೆ ನಳಿಕೆ ಇಳಿಸಿ ನೋಡಿದರು. ಕಣಗಳ ಸಂಖ್ಯೆ ಹದಿನೈದಕ್ಕಿಂತ ಕೆಳಗೆ ಬಂದಿತ್ತು.

ವರದಿ ಕೇಳಿ ಎಲ್ಲರೂ ಸಂತೋಷಪಟ್ಟರು, ಅಕ್ಕನ ಹೊರತು. "ಇಪ್ಪತ್ತು ವರ್ಷ ನನ್ನ ಕೈಯಾರ ಕುಡಿಸೀನಲ್ಲೋ" ಎಂದು ಅವಳು ಗೋಡೆಗೆ ಒರಗಿದಳು. ಎರಡು ಎಮ್ಮೆಗಳ ಹಾಲು ಮಾರಿ ಮಗನನ್ನು ಐಟಿಐ ಓದಿಸಿದವಳು ಅವಳು. ಲಕ್ಷ್ಮೇಶ್ವರದ ದೂದನಾನಾ ದರ್ಗಾದ ಹೆಸರಿನಲ್ಲೇ ಹಾಲಿದೆ. ಆ ಊರಿನ ತಾಯಿಗೆ ಹಾಲಿನ ಮೇಲೆ ಸಂಶಯ ಹುಟ್ಟುವುದು ಹೇಗೆ ಸಾಧ್ಯ? ಪವಿತ್ರ ಕುರ್‌ಆನ್ ಕೂಡ ಹಾಲನ್ನು ಕುಡಿಯುವವರಿಗೆ ಹಿತವಾಗಿ ಇಳಿಯುವ ಪಾನೀಯವೆಂದು ಅಲ್ಲಾಹನ ಅನುಗ್ರಹಗಳ ಸಾಲಿನಲ್ಲಿ ಹೇಳುತ್ತದೆ. ನಾನು ಅವಳಿಗೆ ವೈದ್ಯರ ಮಾತನ್ನೇ ಹೇಳಿದೆ. ದೋಷ ಹಾಲಿನದಲ್ಲ, ಕುಡಿಸಿದ ಕೈಯದೂ ಅಲ್ಲ. ಅವನ ದೇಹ ಅತಿಥಿಯನ್ನು ಕಳ್ಳನೆಂದು ಬಗೆದಿದೆ, ಅಷ್ಟೇ. ಹಾಲು ಅನುಗ್ರಹವಾಗಿಯೇ ಉಳಿಯುತ್ತದೆ. ಅವನ ಪಾಲಿಗೆ ಆರೋಗ್ಯದ ಅನುಗ್ರಹ ಬೇರೆ ದಾರಿಯಿಂದ ಬರಬೇಕಾಗಿದೆ. ಅವಳು ಒಪ್ಪಿದಳೋ ಇಲ್ಲವೋ ತಿಳಿಯದು. ಮರುದಿನದಿಂದ ಮಗನ ಪಾಲಿನ ಹಾಲೂ ಡೇರಿಗೆ ಹೋಗತೊಡಗಿತು. ಮನೆಯಲ್ಲಿ ಎರಡು ಬಗೆಯ ಚಹಾ ಆಗತೊಡಗಿತು.

ಕುರ್‌ಆನಿನಲ್ಲಿ ಗಂಟಲಲ್ಲಿ ಸಿಕ್ಕಿಕೊಳ್ಳುವ ಆಹಾರದ ಮಾತು ಬರುವುದು ನರಕದ ಶಿಕ್ಷೆಯ ವರ್ಣನೆಯಲ್ಲಿ. ಅದನ್ನು ಓದುವಾಗಲೆಲ್ಲ ನನಗೆ ಅನ್ನಿಸುತ್ತದೆ, ಪರಲೋಕದ ಶಿಕ್ಷೆಯೆಂದು ಹೇಳಲಾದ ಸಂಕಟವನ್ನು ಒಬ್ಬ ಹುಡುಗ ಈ ಲೋಕದಲ್ಲಿ ದಿನಕ್ಕೆ ಮೂರು ಹೊತ್ತು ಅನುಭವಿಸಿದ, ಅದೂ ನಮ್ಮ ಪಕ್ಕದಲ್ಲೇ ಕುಳಿತು. ಅದನ್ನು ನಜರ್ ಎನ್ನುವುದು, ತಾಯತ ಕಟ್ಟಿ ಸುಮ್ಮನಾಗುವುದು ಧರ್ಮವಲ್ಲ. ದುಆ ಬೇಕು, ದವಾ ಕೂಡ ಬೇಕು. ಅಲ್ಲಾಹನು ಪ್ರತಿಯೊಂದು ರೋಗಕ್ಕೂ ಮದ್ದನ್ನು ಇಟ್ಟಿದ್ದಾನೆಂದು ಪ್ರವಾದಿವರ್ಯರು ಕಲಿಸಿದ್ದಾರೆ. ಇಟ್ಟಿರುವುದನ್ನು ಹುಡುಕುವ ಕೆಲಸ ನಮ್ಮದು. ರಮಝಾನಿನಲ್ಲಿ ಔಷಧದ ವೇಳೆಯನ್ನು ಇಫ್ತಾರ್ ಮತ್ತು ಸಹರಿಗೆ ಹೊಂದಿಸಿಕೊಳ್ಳುವ ಬಗ್ಗೆ ವೈದ್ಯರನ್ನು ಕೇಳಬಹುದು. ಆಗದಿದ್ದರೆ ರೋಗಿಗೆ ಉಪವಾಸವನ್ನು ಬೇರೆ ದಿನಗಳಲ್ಲಿ ಪೂರೈಸುವ ವಿನಾಯಿತಿ ಇದ್ದೇ ಇದೆ.

ಇನ್ನೊಂದು ಮಾತು ನಮ್ಮ ಆತಿಥ್ಯದ ಬಗ್ಗೆ. ನಮ್ಮಲ್ಲಿ ಉಣ್ಣಲು ಒತ್ತಾಯ ಮಾಡುವುದೇ ಪ್ರೀತಿ. "ನನ್ನ ಮ್ಯಾಲೆ ಆಣಿ, ಇನ್ನೊಂದು ತುಂಡು" ಎನ್ನುತ್ತೇವೆ. ಬೇಡವೆಂದವರಿಗೆ ಸೊಕ್ಕು ಎನ್ನುತ್ತೇವೆ. ಹಾಲಿನ ಚಹಾ ಒಲ್ಲೆನೆಂದರೆ ಮನೆಯವರ ಮುಖ ಸಣ್ಣದಾಗುತ್ತದೆ. ಲಿಂಗಾಯತರ ಮನೆಯಾಗಲಿ, ನಮ್ಮ ಮನೆಯಾಗಲಿ, ಈ ವಿಷಯದಲ್ಲಿ ಗದಗ ಸೀಮೆಯವರೆಲ್ಲ ಒಂದೇ. ಈ ಒತ್ತಾಯಕ್ಕೆ ಹೆದರಿಯೇ ಅಕ್ಕನ ಮಗ ಎಷ್ಟೋ ಮದುವೆಗಳಿಗೆ ಹೋಗುವುದನ್ನು ಬಿಟ್ಟಿದ್ದ. ಅತಿಥಿಗೆ ಬೇಕಾದದ್ದನ್ನು ಕೇಳಿ ಬಡಿಸುವುದೂ, ಬೇಡವೆಂದದ್ದನ್ನು ಕಾರಣ ಕೇಳದೆ ಬಿಡುವುದೂ ಆತಿಥ್ಯದ ಭಾಗವೇ.

ಓದುಗರು ತಮ್ಮ ಮನೆಯಲ್ಲಿ ಇಷ್ಟನ್ನು ಗಮನಿಸಿದರೆ ಸಾಕು. ಯಾರಾದರೂ ಪ್ರತಿ ತುತ್ತಿಗೂ ನೀರು ಕುಡಿಯುತ್ತಾರೆಯೇ? ರೊಟ್ಟಿ, ಮಾಂಸ, ಬ್ರೆಡ್ಡುಗಳನ್ನು ತಪ್ಪಿಸುತ್ತಾರೆಯೇ? ಎಲ್ಲರಿಗಿಂತ ಬಹಳ ಹೊತ್ತು ಅಗಿಯುತ್ತಾರೆಯೇ? ಗುಳಿಗೆ ನುಂಗಲು ಹೆದರುತ್ತಾರೆಯೇ? ಚಿಕ್ಕ ಮಕ್ಕಳಾದರೆ ಊಟಕ್ಕೆ ಕೂರಿಸಿದರೆ ಅಳುವುದು, ಮತ್ತೆ ಮತ್ತೆ ವಾಂತಿ ಮಾಡುವುದು, ತೂಕ ಏರದಿರುವುದು ಉಂಟೇ? ಉಂಟಾದರೆ ಬೈಯುವ ಬದಲು ತಜ್ಞ ವೈದ್ಯರಲ್ಲಿಗೆ ಕರೆದೊಯ್ಯಿರಿ. ತುತ್ತು ಸಿಕ್ಕಿ ಉಗುಳೂ ಇಳಿಯದಿದ್ದರೆ ಗುದ್ದಬೇಡಿ, ಬಾಳೆಹಣ್ಣು-ಅನ್ನದ ಉಂಡೆ ತುರುಕಬೇಡಿ. ಎಂಡೋಸ್ಕೋಪಿ ಇರುವ ಆಸ್ಪತ್ರೆಗೆ ಕೂಡಲೇ ಹೊರಡಿ. ಉಸಿರೇ ಕಟ್ಟಿದರೆ ಅದು ಬೇರೆ, ಆಗ ತಡಮಾಡದೆ ಬೆನ್ನಿಗೆ ತಟ್ಟಿ ಹೊಟ್ಟೆ ಒತ್ತಿ ತುಂಡನ್ನು ಹೊರಹಾಕಬೇಕು. ಈ ಎರಡರ ನಡುವಿನ ಅಂತರ ಮನೆಯ ಪ್ರತಿಯೊಬ್ಬರಿಗೂ ತಿಳಿದಿರಬೇಕು.

ಈ ಕಾಯಿಲೆ ಎಷ್ಟು ಸಾಮಾನ್ಯ ಎಂದು ಯಾರಾದರೂ ಕೇಳಿದರೆ ನಾನು ಈಗ ಓಲ್ಟನ್ ಊರಿನ ಕತೆ ಹೇಳುತ್ತೇನೆ. ಅಲ್ಲಿನ ಆ 46 ಮಂದಿಯ ಲೆಕ್ಕ ಹುಟ್ಟಿದ್ದು ಒಬ್ಬೊಬ್ಬ ರೋಗಿಯ ಮಾತನ್ನು ಕುಳಿತು ಕೇಳಿದ್ದರಿಂದ. "ತುತ್ತು ಸಿಗ್ತದ" ಎಂದು ನಮ್ಮವರಾರಾದರೂ ಹೇಳಿದಾಗ ಗುಳಿಗೆಯ ಅಂಗಡಿಯ ದಾರಿ ತೋರಿಸುವ ಮೊದಲು, "ಎಷ್ಟು ದಿನದಿಂದ?" ಎಂದು ಕೇಳಿ ನೋಡಿ. ಎಷ್ಟೋ ಸಲ ಉತ್ತರ ವರ್ಷಗಳಲ್ಲಿ ಬರುತ್ತದೆ.